ಪಂದ್ಯಗಳ ಪಟ್ಟಿಗೊಂದು ಪುಟ ಕೊಡಿ

ಮಾನ್ಯ ಸಂಪಾದಕರಿಗೆ ವಂದನೆಗಳು.

ಒಲಿಂಪಿಕ್ಸ್ ಆಗಲಿ, ಫುಟ್‌ಬಾಲ್ ಅಥವಾ ಕ್ರಿಕೆಟ್ ವಿಶ್ವಕಪ್ ಆಗಲಿ ಹತ್ತಿರ ಬಂದಾಗಲೆಲ್ಲ ಒಂದು ಆಕ್ಷೇಪ ತಪ್ಪದೆ ಕೇಳಿಬರುತ್ತದೆ. ಜನ ಕೆಲಸಕಾರ್ಯ ಬಿಟ್ಟು ಟಿ.ವಿ. ಮುಂದೆ ಕೂರುತ್ತಾರೆ, ಯಾರೋ ಆಡುವ ಆಟಕ್ಕಾಗಿ ಇವರು ನಿದ್ದೆಗೆಡುತ್ತಾರೆ, ಇದರಿಂದ ಯಾರಿಗೇನು ಲಾಭ ಎಂಬುದು ಆ ಆಕ್ಷೇಪದ ಸಾರ. ಹಾಗೆ ಹೇಳುವವರಲ್ಲಿ ನಾನು ಗೌರವಿಸುವ ಹಿರಿಯರೂ ಇದ್ದಾರೆ. ಆದರೆ ಈ ಒಂದು ವಿಷಯದಲ್ಲಿ ಅವರ ಮಾತನ್ನು ನಾನು ಒಪ್ಪಲಾರೆ. ದೊಡ್ಡ ಪಂದ್ಯಾವಳಿಯ ನೇರ ಪ್ರಸಾರವು ಸಾಮಾನ್ಯ ಮನುಷ್ಯನ ದಿನಚರಿಗೆ ಕೊಡುವ ಬಿಡುವು ಬೇರೆ ಯಾವುದರಿಂದಲೂ ಅಷ್ಟು ಸುಲಭವಾಗಿ ದೊರೆಯುವಂಥದ್ದಲ್ಲ ಎಂಬುದು ನನ್ನ ಅನುಭವ. ಜೊತೆಗೆ, ಆ ಬಿಡುವಿಗೆ ಆರಂಭವೊಂದು, ಮುಕ್ತಾಯವೊಂದು ಇರುವವರೆಗೆ ಮಾತ್ರ ಅದು ಬಿಡುವಾಗಿ ಉಳಿಯುತ್ತದೆ ಎಂಬುದನ್ನೂ ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ. ಕೊನೆಯಲ್ಲಿ ತಮ್ಮಲ್ಲಿ ಒಂದು ಸಣ್ಣ ಕೋರಿಕೆಯೂ ಇದೆ.

ದಿನಚರಿಯನ್ನು ನಾನು ಹಳಿಯುತ್ತಿಲ್ಲ. ಹೊತ್ತಿಗೆ ಸರಿಯಾಗಿ ಏಳುವುದು, ದುಡಿಯುವುದು, ಮನೆಯವರನ್ನು ನೋಡಿಕೊಳ್ಳುವುದು, ಮರುದಿನಕ್ಕೆ ಅಣಿಮಾಡಿಟ್ಟು ಮಲಗುವುದು, ಇವು ಇಲ್ಲದೆ ಬದುಕು ನಡೆಯುವುದಿಲ್ಲ. ದಿನಚರಿಯ ಕಷ್ಟ ಇರುವುದು ಅದಕ್ಕೆ ಮುಕ್ತಾಯ ಇಲ್ಲದಿರುವುದರಲ್ಲಿ. ರಜೆಯ ದಿನವೂ ಬಾಕಿ ಉಳಿದ ಕೆಲಸಗಳು ಬಂದು ಕೂರುತ್ತವೆ. ಕೈಗೆ ಬಿಡುವು ಸಿಕ್ಕರೂ ಮನಸ್ಸಿಗೆ ಸಿಗುವುದಿಲ್ಲ. ಸುಮ್ಮನೆ ಕುಳಿತವನ ತಲೆಯೊಳಗೆ ನಾಳೆಯ ಲೆಕ್ಕ ಓಡುತ್ತಲೇ ಇರುತ್ತದೆ. ಒಂದು ಒಳ್ಳೆಯ ಪಂದ್ಯ ಮಾಡುವ ಉಪಕಾರವೆಂದರೆ, ನಮ್ಮ ಕೈಯಿಂದ ಗಡಿಯಾರವನ್ನು ಕೆಲಹೊತ್ತು ತೆಗೆದುಕೊಂಡು ತನ್ನ ಗಡಿಯಾರವನ್ನು ಕೊಡುವುದು. ಆಗ ಗಂಟೆ ಎಷ್ಟಾಯಿತು ಎಂದು ನಾವು ನೋಡುವುದಿಲ್ಲ. ಎಷ್ಟು ನಿಮಿಷ ಉಳಿದಿದೆ, ಎಷ್ಟು ಓವರ್ ಉಳಿದಿದೆ, ಇನ್ನೆಷ್ಟು ಸುತ್ತು ಓಡಬೇಕು ಎಂದಷ್ಟೇ ನೋಡುತ್ತೇವೆ.

ನಮ್ಮ ಮನೆಯದೇ ಮಾತು ಹೇಳುತ್ತೇನೆ. 2021ರಲ್ಲಿ ತಂದೆಯವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಸ್ವಾಧೀನ ತಪ್ಪಿತು, ಮಾತು ಬಹುಮಟ್ಟಿಗೆ ನಿಂತುಹೋಯಿತು. ಅಲ್ಲಿಂದ ಮುಂದೆ ಮನೆಯ ದಿನವನ್ನು ನಡೆಸಿದ್ದು ಮಾತ್ರೆಗಳ ಡಬ್ಬಿ. ಬೆಳಿಗ್ಗೆ ಆರಕ್ಕೆ ಒಂದು, ಎಂಟಕ್ಕೆ ಎರಡು, ಮಧ್ಯಾಹ್ನ ಒಂದು, ರಾತ್ರಿ ಒಂಬತ್ತಕ್ಕೆ ಮೂರು. ನಡುನಡುವೆ ಮಗ್ಗುಲು ಬದಲಾಯಿಸುವುದು, ಕೈಕಾಲು ಆಡಿಸುವುದು, ಮೈ ಒರೆಸುವುದು, ಅದರ ನಡುವೆಯೇ ನನ್ನ ಕೆಲಸ. ಡಬ್ಬಿಯ ಏಳು ಖಾನೆಗಳು ಭಾನುವಾರ ರಾತ್ರಿ ಖಾಲಿಯಾದ ಕೂಡಲೇ ಮತ್ತೆ ತುಂಬಬೇಕು. ಒಂದು ವಾರ ಕಳೆಯಿತೆಂದು ನಮಗೆ ಗೊತ್ತಾಗುತ್ತಿದ್ದುದು ಅದರಿಂದ ಮಾತ್ರ. ಅಮ್ಮನೂ ನಾನೂ ಒಬ್ಬರನ್ನೊಬ್ಬರು ಕೇಳುತ್ತಿದ್ದ ಪ್ರಶ್ನೆಗಳೆಲ್ಲ ‘ಕೊಟ್ಟಾಯಿತೇ’, ‘ಮಲಗಿದರೇ’ ಎಂಬ ಎರಡರಲ್ಲೇ ಮುಗಿದುಹೋಗುತ್ತಿದ್ದವು.

ತಂದೆಯವರಿಗೆ ಹಿಂದಿನಿಂದಲೂ ಒಂದು ಅಭ್ಯಾಸವಿತ್ತು. ಫುಟ್‌ಬಾಲ್ ವಿಶ್ವಕಪ್ ಬಂದಾಗ ಪತ್ರಿಕೆಯಲ್ಲಿ ಅಚ್ಚಾಗುವ ಪಂದ್ಯಗಳ ಪಟ್ಟಿಯನ್ನು ಕತ್ತರಿಸಿ, ಗೋಡೆಗೆ ಅಂಟಿಸಿ, ದಿನವೂ ಪೆನ್ಸಿಲಿನಲ್ಲಿ ಗೋಲುಗಳನ್ನು ತುಂಬುತ್ತಿದ್ದರು. 2022ರಲ್ಲಿ ಆ ಪಟ್ಟಿಯನ್ನು ಅವರ ಮಂಚದ ಪಕ್ಕದ ಗೋಡೆಗೆ ನಾನು ಅಂಟಿಸಿದೆ. ಬೆಳಿಗ್ಗೆ ಮಾತ್ರೆ ಕೊಟ್ಟ ಮೇಲೆ ಹಿಂದಿನ ದಿನದ ಫಲಿತಾಂಶ ಬರೆಯುವುದು ನನ್ನ ಕೆಲಸವಾಯಿತು. ಒಂದು ದಿನ ಅರ್ಜೆಂಟೀನಾ ವಿರುದ್ಧ ಸೌದಿ ಅರೇಬಿಯಾ ಗೆದ್ದ ಪಂದ್ಯದ 2–1ನ್ನು ಅವಸರದಲ್ಲಿ ಅದಲುಬದಲು ಮಾಡಿ ಬರೆದಿದ್ದೆ. ತಂದೆಯವರು ಎಡಗೈಯ ತೋರುಬೆರಳನ್ನು ಆ ಚೌಕದ ಮೇಲಿಟ್ಟು, ನಾನು ತಿದ್ದುವವರೆಗೂ ತೆಗೆಯಲಿಲ್ಲ. ಕಾಯಿಲೆ ಬಿದ್ದ ಮೇಲೆ ಅವರು ನನ್ನನ್ನು ತಿದ್ದಿದ್ದು ಅದೇ ಮೊದಲು.

ಡಿಸೆಂಬರ್ 18ರ ರಾತ್ರಿ ಕತಾರಿನ ಲುಸೈಲ್ ಕ್ರೀಡಾಂಗಣದಲ್ಲಿ ಅರ್ಜೆಂಟೀನಾ ಮತ್ತು ಫ್ರಾನ್ಸ್ ನಡುವಿನ ಫೈನಲ್. ಒಂಬತ್ತರ ಮಾತ್ರೆಯನ್ನು ವಿರಾಮದ ಹದಿನೈದು ನಿಮಿಷದಲ್ಲಿ ಕೊಟ್ಟೆವು. 79 ನಿಮಿಷ ಕಳೆದರೂ ಅರ್ಜೆಂಟೀನಾ 2–0ಯಿಂದ ಮುಂದಿತ್ತು, ನನ್ನ ಮನಸ್ಸು ಆಗಲೇ ಮರುದಿನದ ಕೆಲಸಕ್ಕೆ ಹೊರಟಿತ್ತು. ಆಗ ಫ್ರಾನ್ಸಿನ ಎಂಬಾಪೆ ಎರಡು ನಿಮಿಷ ತುಂಬುವುದರೊಳಗೆ ಎರಡು ಗೋಲು ಹೊಡೆದರು. ತಂದೆಯವರು ಎಡಗೈಯಿಂದ ಮಂಚದ ಕಬ್ಬಿಣದ ಕಂಬಿ ಹಿಡಿದು ಅಲ್ಲಾಡಿಸಿದ ಸದ್ದು ನನಗೆ ಈಗಲೂ ಕೇಳಿಸುತ್ತದೆ. ಅಮ್ಮನಿಗೆ ಆಫ್‌ಸೈಡ್ ಎಂದರೇನೆಂದು ಇಂದಿಗೂ ತಿಳಿಯದು, ಆದರೆ ಹೆಚ್ಚುವರಿ ಸಮಯದಲ್ಲಿ ಅರ್ಜೆಂಟೀನಾದ ಮೆಸ್ಸಿ ಮತ್ತೆ ಗೋಲು ಹೊಡೆದು, ಎಂಬಾಪೆ ಮತ್ತೆ ಸಮ ಮಾಡುವ ಹೊತ್ತಿಗೆ ಅವರು ಗೋಡೆಗೆ ಒರಗಿಕೊಂಡೇ ನಿಂತುಬಿಟ್ಟಿದ್ದರು. ಪೆನಾಲ್ಟಿಯಲ್ಲಿ ಅರ್ಜೆಂಟೀನಾ ಗೆದ್ದಿತು. ಕೊನೆಯ ಚೌಕ ತುಂಬಲು ನಾನು ಪೆನ್ಸಿಲ್ ಎತ್ತಿಕೊಂಡಾಗ ತಂದೆಯವರು ಎಡಗೈ ಚಾಚಿದರು. ಪಟ್ಟಿಯನ್ನು ಗೋಡೆಯಿಂದ ಬಿಡಿಸಿ ಒಂದು ರಟ್ಟಿನ ಮೇಲಿಟ್ಟು ಹಿಡಿದೆ. ಸೊಟ್ಟಸೊಟ್ಟಾಗಿ 3–3 ಎಂದು ಬರೆದರು. ಪೆನಾಲ್ಟಿಯ 4–2 ಎಂದು ಬರೆಯಲು ಚೌಕದಲ್ಲಿ ಜಾಗ ಸಾಲದೆ ಹಾಳೆಯ ಅಂಚಿನಲ್ಲಿ ಬರೆದರು.

ಇದರಿಂದ ಕಾಯಿಲೆ ವಾಸಿಯಾಯಿತೆಂದು ನಾನು ಹೇಳುತ್ತಿಲ್ಲ. ಮರುದಿನ ಬೆಳಿಗ್ಗೆ ಆರರ ಮಾತ್ರೆ ಆರಕ್ಕೇ ಇತ್ತು. ಆದರೆ ಆ ಮೂರು ಗಂಟೆ ನಮ್ಮ ಮನೆಯಲ್ಲಿ ರೋಗಿಯೂ ಇರಲಿಲ್ಲ, ಶುಶ್ರೂಷೆ ಮಾಡುವವರೂ ಇರಲಿಲ್ಲ. ಪಂದ್ಯ ನೋಡುವ ಮೂವರಿದ್ದರು, ಅಷ್ಟೆ. ಇದನ್ನು ಕಾಲಹರಣ ಎನ್ನುವವರಿಗೆ ನಾನು ಬೇರೆ ಏನು ಉತ್ತರ ಕೊಡಲಿ?

ಟಿ.ವಿ.ಯಲ್ಲಿ ಬರುವ ಉಳಿದ ಕಾರ್ಯಕ್ರಮಗಳಿಂದ ಈ ಬಿಡುವು ಏಕೆ ಸಿಗುವುದಿಲ್ಲ ಎಂದು ಯೋಚಿಸಿದ್ದೇನೆ. ಧಾರಾವಾಹಿಯ ಮುಂದಿನ ಕಂತನ್ನು ಯಾರೋ ಬರೆದು, ಚಿತ್ರೀಕರಿಸಿ ಆಗಿರುತ್ತದೆ. ಸುದ್ದಿ ಎಂದರೆ ನಡೆದುಹೋದದ್ದು. ಪಂದ್ಯದ ಮುಂದಿನ ಎಸೆತ ಮಾತ್ರ ಯಾರಿಗೂ ಗೊತ್ತಿಲ್ಲ, ಎಸೆಯುವವನಿಗೂ ಗೊತ್ತಿಲ್ಲ, ಕೋಟಿ ಕೊಟ್ಟು ಪ್ರಸಾರದ ಹಕ್ಕು ಪಡೆದವನಿಗೂ ಗೊತ್ತಿಲ್ಲ. ನಾಳೆಯೂ ಇವತ್ತಿನಂತೆಯೇ ಇರುತ್ತದೆ ಎಂದು ಖಚಿತವಾಗಿ ತಿಳಿದು ಬದುಕುವವರಿಗೆ, ಮುಂದೇನು ಎಂಬುದು ನಿಜವಾಗಿಯೂ ತಿಳಿಯದೆ ಕೂರುವುದೇ ಒಂದು ವಿಶ್ರಾಂತಿ. ಸೋಲಲಿ ಗೆಲ್ಲಲಿ, ಅದರಿಂದ ನಮ್ಮ ಮನೆಗೆ ಕೇಡೇನೂ ಆಗುವುದಿಲ್ಲ ಎಂಬ ಧೈರ್ಯವೂ ಒಳಗೆಲ್ಲೋ ಇರುತ್ತದೆ. ಬದುಕಿನ ಅನಿಶ್ಚಯ ಹೆದರಿಸುತ್ತದೆ, ಆಟದ ಅನಿಶ್ಚಯ ಹುರುಪು ಕೊಡುತ್ತದೆ.

2019ರ ಜುಲೈ 14ನ್ನು ನೆನೆಯಿರಿ. ಒಂದೇ ದಿನ, ಲಂಡನ್ ಎಂಬ ಒಂದೇ ಊರಿನಲ್ಲಿ ಕ್ರಿಕೆಟ್ ವಿಶ್ವಕಪ್‌ನದು, ವಿಂಬಲ್ಡನ್ ಟೆನಿಸ್‌ನದು ಎಂದು ಎರಡು ಫೈನಲ್‌ಗಳು ನಡೆದಿದ್ದವು. ಲಾರ್ಡ್ಸ್‌ನಲ್ಲಿ ನ್ಯೂಜಿಲೆಂಡ್ 241 ರನ್ ಮಾಡಿತು, ಇಂಗ್ಲೆಂಡ್ ಕೂಡ 241ಕ್ಕೇ ನಿಂತಿತು. ಸೂಪರ್ ಓವರ್ ಆಡಿಸಿದರೆ ಅದರಲ್ಲೂ ಎರಡೂ ತಂಡಗಳದು 15. ಕಡೆಗೆ ಬೌಂಡರಿಗಳ ಸಂಖ್ಯೆ ಎಣಿಸಿ ಇಂಗ್ಲೆಂಡಿಗೆ ವಿಶ್ವಕಪ್ ಕೊಟ್ಟರು (ಆ ನಿಯಮವನ್ನು ಅದೇ ವರ್ಷ ಕೈಬಿಟ್ಟದ್ದು ನ್ಯಾಯವೇ ಆಯಿತು). ಅದೇ ಹೊತ್ತಿಗೆ ವಿಂಬಲ್ಡನ್‌ನಲ್ಲಿ ಫೆಡರರ್ ಐದನೆಯ ಸೆಟ್‌ನಲ್ಲಿ ಗೆಲುವಿಗೆ ಒಂದೇ ಅಂಕದ ದೂರದಲ್ಲಿ ಎರಡು ಬಾರಿ ನಿಂತು, ಎರಡನ್ನೂ ಕಳೆದುಕೊಂಡು, 12–12ರ ನಂತರದ ಟೈಬ್ರೇಕರ್‌ನಲ್ಲಿ ಜೊಕೊವಿಚ್‌ಗೆ ಸೋತರು. ಆ ಪಂದ್ಯ 4 ಗಂಟೆ 57 ನಿಮಿಷ ನಡೆಯಿತು. ಅಂದು ರಿಮೋಟ್ ಹಿಡಿದು ಎರಡು ಚಾನೆಲ್‌ಗಳ ನಡುವೆ ಓಡಾಡಿದವರಿಗೆ ಅದು ಭಾನುವಾರವೆಂಬುದೂ ಮರುದಿನ ಸೋಮವಾರವೆಂಬುದೂ ನೆನಪಿದ್ದಿರಲಾರದು. ಅದೇ ಪಂದ್ಯಗಳ ರೆಕಾರ್ಡ್ ಮಾಡಿದ ದೃಶ್ಯಗಳನ್ನು ಈಗ ಯಾವಾಗ ಬೇಕಾದರೂ ನೋಡಬಹುದು, ನಾನೂ ನೋಡಿದ್ದೇನೆ. ಆಟ ಚೆನ್ನಾಗಿಯೇ ಇದೆ, ಆದರೆ ನೋಡುವಾಗ ನಡುವೆ ಎದ್ದುಹೋಗಿ ಬೇರೆ ಕೆಲಸ ಮಾಡಿ ಬರಲು ಸಾಧ್ಯವಾಗುತ್ತದೆ. ಅಂದು ಅದು ಸಾಧ್ಯವಿರಲಿಲ್ಲ.

ಇನ್ನೊಂದು ಕಾರಣ, ಆ ಗಳಿಗೆಯಲ್ಲಿ ನಾವು ಒಬ್ಬರೇ ಇರುವುದಿಲ್ಲ ಎಂಬುದು. ಇದು ಬರೀ ಭಾವನೆಯ ಮಾತಲ್ಲ, ವಿದ್ಯುತ್ ಮಾಪಕದಲ್ಲಿ ದಾಖಲಾದ ಸಂಗತಿ. 1990ರ ಜುಲೈ 4ರಂದು ಇಟಲಿಯಲ್ಲಿ ನಡೆದ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ತಂಡ ಪಶ್ಚಿಮ ಜರ್ಮನಿಗೆ ಪೆನಾಲ್ಟಿಯಲ್ಲಿ ಸೋತಿತು. ಅದು ಮುಗಿದ ಕೂಡಲೇ ಬ್ರಿಟನ್ನಿನಲ್ಲಿ ವಿದ್ಯುತ್ ಬೇಡಿಕೆ ಒಮ್ಮೆಲೇ ಸುಮಾರು 2,800 ಮೆಗಾವಾಟ್ ಏರಿತು. ಅಷ್ಟು ಹೊತ್ತು ಕದಲದೆ ಕುಳಿತಿದ್ದ ಲಕ್ಷಾಂತರ ಮನೆಗಳ ಜನ ಒಟ್ಟಿಗೆ ಎದ್ದು ನೀರು ಕಾಯಿಸಲು ಕೆಟಲ್ ಹಾಕಿದ್ದರು. ಅಲ್ಲಿ ವಿದ್ಯುತ್ ಜಾಲ ನೋಡಿಕೊಳ್ಳುವ ಎಂಜಿನಿಯರುಗಳು ದೊಡ್ಡ ಪಂದ್ಯಗಳ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡೇ ಕೆಲಸ ಮಾಡುತ್ತಾರೆ. ಒಬ್ಬರನ್ನೊಬ್ಬರು ಕಾಣದ, ಮುಂದೆಂದೂ ಕಾಣದಿರುವ ಜನ ಒಂದೇ ಕ್ಷಣದಲ್ಲಿ ಉಸಿರು ಬಿಟ್ಟದ್ದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವುದು ತೋರಿಸೀತು?

ಈ ಒಟ್ಟಿಗೆ ನೋಡುವ ಭಾಗ್ಯ ಹಿಂದೆ ಇರಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್ ಅನ್ನು ಟಿ.ವಿ.ಯಲ್ಲಿ ನೋಡಬೇಕಾದರೆ ಆ ನಗರದ ಮತ್ತು ಅದರ ಆಸುಪಾಸಿನ ಸಾರ್ವಜನಿಕ ವೀಕ್ಷಣಾ ಕೊಠಡಿಗಳಿಗೆ ಹೋಗಬೇಕಿತ್ತು. ದೂರದೇಶಗಳಿಗೆ ಪಂದ್ಯದ ಫಿಲ್ಮ್ ಸುರುಳಿಗಳು ವಿಮಾನದಲ್ಲಿ ಬರುತ್ತಿದ್ದವು, ಅಷ್ಟರಲ್ಲಿ ಫಲಿತಾಂಶ ಪತ್ರಿಕೆಯಲ್ಲಿ ಬಂದು ಹಳೆಯದಾಗಿರುತ್ತಿತ್ತು. 1964ರ ಟೋಕಿಯೊ ಒಲಿಂಪಿಕ್ಸ್‌ನ ಚಿತ್ರಗಳು ಸಿಂಕಾಮ್ 3 ಎಂಬ ಉಪಗ್ರಹದ ಮೂಲಕ ಪೆಸಿಫಿಕ್ ಸಾಗರ ದಾಟಿ ಅಮೆರಿಕ ತಲುಪಿದ ಮೇಲೆ, ಭೂಮಿಯ ಈ ಬದಿಯವರೂ ಆ ಬದಿಯವರೂ ಒಂದೇ ಓಟವನ್ನು ಒಂದೇ ಹೊತ್ತಿಗೆ ನೋಡುವ ದಾರಿ ತೆರೆಯಿತು. ಒಬ್ಬರಿಗೆ ನಡುರಾತ್ರಿ, ಇನ್ನೊಬ್ಬರಿಗೆ ನಡುಹಗಲು. ಗಡಿಯಾರಗಳು ಬೇರೆಯಾದರೂ ಓಟ ಆರಂಭಿಸುವ ಗುಂಡಿನ ಸದ್ದು ಒಂದೇ.

ಅದೇ ಟೋಕಿಯೊದಲ್ಲಿ, ಕೊರೊನಾದಿಂದಾಗಿ ಒಂದು ವರ್ಷ ಮುಂದಕ್ಕೆ ಹೋಗಿ 2021ರಲ್ಲಿ ನಡೆದ ಕ್ರೀಡಾಕೂಟದಲ್ಲಿ ಪ್ರೇಕ್ಷಕರ ಆಸನಗಳು ಖಾಲಿ ಇದ್ದವು. ಎತ್ತರ ಜಿಗಿತದಲ್ಲಿ ಕತಾರಿನ ಬರ್ಷಿಮ್ ಮತ್ತು ಇಟಲಿಯ ತಂಬೇರಿ ಇಬ್ಬರೂ 2.37 ಮೀಟರ್ ದಾಟಿದರು, 2.39 ಇಬ್ಬರಿಗೂ ಆಗಲಿಲ್ಲ. ಮತ್ತೆ ಜಿಗಿದು ತೀರ್ಮಾನ ಮಾಡಿಕೊಳ್ಳುತ್ತೀರಾ ಎಂದು ಅಧಿಕಾರಿ ವಿವರಿಸುತ್ತಿದ್ದಾಗ, ಇಬ್ಬರಿಗೂ ಚಿನ್ನ ಕೊಡಬಹುದೇ ಎಂದು ಬರ್ಷಿಮ್ ಕೇಳಿದರು. ಆಗಬಹುದು ಎಂದ ಕೂಡಲೇ ತಂಬೇರಿ ಹಾರಿ ಅವರನ್ನು ತಬ್ಬಿಕೊಂಡರು. ಮನೆಯಿಂದ ಹೊರಗೆ ಕಾಲಿಡಲು ಹೆದರುತ್ತಿದ್ದ ಆ ದಿನಗಳಲ್ಲಿ, ಯಾರ ಕೈಯನ್ನೂ ಮುಟ್ಟದೆ ತಿಂಗಳುಗಟ್ಟಲೆ ಕಳೆದವರು, ಎರಡು ಬೇರೆ ದೇಶಗಳ ಇಬ್ಬರು ಬೆವೆತ ಮೈಯಲ್ಲಿ ತಬ್ಬಿಕೊಂಡದ್ದನ್ನು ಪರದೆಯ ಮೇಲೆ ನೋಡಿದರು. ಚಪ್ಪಾಳೆ ತಟ್ಟಬೇಕಾದವರು ಆಗ ಮನೆಗಳಲ್ಲಿದ್ದರು, ತಟ್ಟಿದರು ಕೂಡ.

ಪ್ರಿಯವಾದ ಆಟವನ್ನೇ ನೋಡಬೇಕೆಂದೂ ಇಲ್ಲ. ಸೈಕಲ್ ಓಟದ ಗಂಧಗಾಳಿ ತಿಳಿಯದವರೂ ಟೂರ್ ದ ಫ್ರಾನ್ಸ್‌ನ ಪ್ರಸಾರವನ್ನು ಗಂಟೆಗಟ್ಟಲೆ ನೋಡುವುದುಂಟು. ಮೂರು ವಾರ, 21 ಹಂತಗಳು. ಹೆಲಿಕಾಪ್ಟರಿನ ಕ್ಯಾಮೆರಾ ಸೂರ್ಯಕಾಂತಿ ಹೊಲಗಳನ್ನು, ಬೆಟ್ಟದ ತಿರುವುಗಳನ್ನು, ಹಳೆಯ ಕೋಟೆಗಳನ್ನು ತೋರಿಸುತ್ತ ಹೋಗುತ್ತದೆ. ಕೆಳಗೆ ಸವಾರರ ಗುಂಪು ಹಾವಿನಂತೆ ಹರಿಯುತ್ತಿರುತ್ತದೆ. ಮಲಗಿದಲ್ಲೇ ಇರಬೇಕಾದವರಿಗೆ ಅದು ಒಂದು ಪ್ರಯಾಣ. ಒಲಿಂಪಿಕ್ಸ್‌ನ ಹದಿನಾರು ಹದಿನೇಳು ದಿನಗಳಲ್ಲಂತೂ ಬಿಲ್ಲುಗಾರಿಕೆ, ಡೈವಿಂಗ್, ಕುಸ್ತಿ ಎಂದು ಎಂದೂ ನೋಡದ ಆಟಗಳ ನಿಯಮಗಳನ್ನು ಮನೆಮಂದಿಯೆಲ್ಲ ಕಲಿತು ತೀರ್ಪು ಹೇಳುತ್ತಾರೆ, ನಾಲ್ಕು ವರ್ಷ ಮರೆತು, ಮತ್ತೆ ಕಲಿಯುತ್ತಾರೆ.

ಆದರೆ ಆಕ್ಷೇಪಿಸುವವರು ಹೇಳದ, ಹೇಳಬೇಕಾದ ಒಂದು ಮಾತಿದೆ. ಮನೆಯಲ್ಲಿ ಒಬ್ಬರ ಬಿಡುವು ಇನ್ನೊಬ್ಬರಿಗೆ ದುಡಿಮೆಯಾಗಿಬಿಡುತ್ತದೆ. ನಾನು ಚಿಕ್ಕವನಿದ್ದಾಗ ಪಂದ್ಯವೆಂದರೆ ಮನೆ ತುಂಬ ಜನ. ಅಮ್ಮ ಒಳಗೂ ಹೊರಗೂ ಓಡಾಡುತ್ತ, ಕೂಗು ಕೇಳಿದಾಗ ಬಾಗಿಲ ಬಳಿ ಬಂದು ನಿಂತು, ಮರುಪ್ರಸಾರದ ನಾಲ್ಕು ಸೆಕೆಂಡು ನೋಡಿ ಒಳಗೆ ಹೋಗುತ್ತಿದ್ದರು. ಅವರ ಪಾಲಿಗೆ ವಿಶ್ವಕಪ್ ಎಂದರೆ ಹೆಚ್ಚು ಪಾತ್ರೆ ತೊಳೆಯುವ ತಿಂಗಳು. 2022ರ ಫೈನಲ್ ರಾತ್ರಿ ಅವರು ಒಳಗೆ ಹೋಗದೆ ಗೋಡೆಗೆ ಒರಗಿ ನಿಂತದ್ದನ್ನು ನೋಡಿದಾಗ ಇದು ನನಗೆ ಹೊಳೆಯಿತು. ಮೂವತ್ತು ವರ್ಷ ತಡವಾಗಿ ಹೊಳೆಯಿತು ಎಂಬುದಕ್ಕೆ ನನಗೆ ನಿಜವಾದ ಸಂಕಟವಿದೆ. ಪಂದ್ಯದ ದಿನ ಮನೆಗೆಲಸವನ್ನು ಮೊದಲೇ ಹಂಚಿಕೊಂಡು ಮುಗಿಸಿದರೆ ಎಲ್ಲರಿಗೂ ಕೂರಲು ಜಾಗ ಸಿಗುತ್ತದೆ.

ಬಾಜಿ ಕಟ್ಟುವವರ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ಹಣ ಕಟ್ಟಿದವನಿಗೆ ಪಂದ್ಯ ಮತ್ತೊಂದು ಲೆಕ್ಕದ ಪುಸ್ತಕ. ಎಲ್ಲರಿಗೂ ಬಿಡುವು ಸಿಕ್ಕ ಗಳಿಗೆಯಲ್ಲಿ ಅವನೊಬ್ಬ ಮಾತ್ರ ಚಿಂತೆಯಲ್ಲಿರುತ್ತಾನೆ.

ನನಗೆ ಹೆಚ್ಚು ಕಳವಳವಾಗಿರುವುದು ಪಂದ್ಯಾವಳಿಗಳನ್ನು ನಡೆಸುವವರೇ ಈ ಬಿಡುವನ್ನು ಕೆಡಿಸುತ್ತಿರುವುದರಿಂದ. 1930ರಲ್ಲಿ ಉರುಗ್ವೆಯಲ್ಲಿ ನಡೆದ ಮೊದಲ ಫುಟ್‌ಬಾಲ್ ವಿಶ್ವಕಪ್‌ನಲ್ಲಿ 13 ತಂಡಗಳಿದ್ದವು, 18 ಪಂದ್ಯಗಳಾದವು. 1982ರಲ್ಲಿ ತಂಡಗಳು 24 ಆದವು, 1998ರಲ್ಲಿ 32. 2022ರಲ್ಲಿ 29 ದಿನಗಳಲ್ಲಿ 64 ಪಂದ್ಯ. 2026ಕ್ಕೆ ನಿಗದಿಯಾಗಿರುವುದು 48 ತಂಡಗಳು, 104 ಪಂದ್ಯಗಳು, ಜೂನ್ 11ರಿಂದ ಜುಲೈ 19ರವರೆಗೆ 39 ದಿನ. ಹೆಚ್ಚು ದೇಶಗಳಿಗೆ ಅವಕಾಶ ಸಿಗುವುದು ಸಂತೋಷವೇ. ಮೊದಲ ಬಾರಿಗೆ ವಿಶ್ವಕಪ್‌ಗೆ ಬರುವ ಸಣ್ಣ ದೇಶದ ಮನೆಗಳಲ್ಲಿ ಆ ರಾತ್ರಿ ಏನಾಗುತ್ತದೆಂದು ನಾನು ಊಹಿಸಬಲ್ಲೆ. ಆದರೆ ಕ್ರಿಕೆಟ್‌ನಲ್ಲಿ ಆಗಿರುವುದನ್ನು ನೋಡಿ. ಒಂದು ಸರಣಿ ಮುಗಿದ ವಾರವೇ ಇನ್ನೊಂದು, ಅದು ಮುಗಿಯುವ ಮೊದಲೇ ಮತ್ತೊಂದು ಲೀಗ್, ನಡುವೆ ವಿಶ್ವಕಪ್‌ಗಳು. ಯಾವ ದಿನ ಟಿ.ವಿ. ಹಾಕಿದರೂ ಯಾರೋ ಯಾರಿಗೋ ಚೆಂಡು ಎಸೆಯುತ್ತಿರುತ್ತಾರೆ. ವರ್ಷವಿಡೀ ಜಾತ್ರೆಯಾದರೆ ತೇರು ಎಳೆಯುವವರು ಯಾರು? ದಿನಚರಿಯನ್ನು ಮುರಿಯಲು ಬಂದದ್ದು ತಾನೇ ದಿನಚರಿಯಾಗಿ ಕೂತರೆ ಜನ ಅದನ್ನೂ ಗೋಡೆಯ ಗಡಿಯಾರದಂತೆ ಗಮನಿಸದೆ ಬಿಡುತ್ತಾರೆ.

ಪ್ರಸಾರ ಮಾಡುವ ರೀತಿಯೂ ಹಾಗೆಯೇ. ಓವರ್ ಮುಗಿದು ಬೌಲರ್ ಟೋಪಿ ಹಾಕಿಕೊಂಡು ಬೌಂಡರಿ ಕಡೆಗೆ ನಡೆಯುವುದನ್ನು, ಓಟಗಾರ್ತಿ ಗೆರೆಯ ಹಿಂದೆ ಬೆರಳೂರಿ ತಲೆ ತಗ್ಗಿಸುವ ಮೊದಲು ಒಮ್ಮೆ ಆಕಾಶ ನೋಡುವುದನ್ನು, ಪೆನಾಲ್ಟಿಗೆ ನಿಂತ ಆಟಗಾರ ಚೆಂಡನ್ನು ಎರಡು ಬಾರಿ ತಿರುಗಿಸಿ ಇಡುವುದನ್ನು ನೋಡುವುದರಲ್ಲೇ ಅರ್ಧ ಸುಖವಿದೆ. ಆ ಸೆಕೆಂಡುಗಳಲ್ಲೇ ನಮ್ಮ ಉಸಿರು ಆಟದ ಲಯಕ್ಕೆ ಹೊಂದುವುದು. ಈಗ ಆ ಸೆಕೆಂಡುಗಳನ್ನೆಲ್ಲ ಜಾಹೀರಾತಿಗೆ ಮಾರಿಬಿಟ್ಟಿದ್ದಾರೆ. ಪರದೆಯ ಮೂಲೆಮೂಲೆಯಲ್ಲಿ ಅಂಕಿಗಳು ಕುಣಿಯುತ್ತವೆ. ಇದು ಬದಲಾಗಬೇಕು ಎಂದು ಪ್ರೇಕ್ಷಕರಾದ ನಾವು ಗಟ್ಟಿಯಾಗಿ ಕೇಳಬೇಕು.

ಇನ್ನು ತಮ್ಮಲ್ಲಿ ಕೋರಿಕೆ. ಪಂದ್ಯಗಳ ಪೂರ್ತಿ ಪಟ್ಟಿಯನ್ನು ಗೋಡೆಗೆ ಅಂಟಿಸುವಂತೆ ಒಂದೇ ಪುಟದಲ್ಲಿ ಅಚ್ಚು ಹಾಕುವ ರೂಢಿ ಪತ್ರಿಕೆಗಳಲ್ಲಿ ಕಡಿಮೆಯಾಗುತ್ತಿದೆ. ಎಲ್ಲವೂ ಮೊಬೈಲಿನಲ್ಲಿ ಸಿಗುತ್ತದೆ ಎಂಬುದು ನಿಜ. ಆದರೆ ಮೊಬೈಲಿನ ಪಟ್ಟಿಗೆ ಅಂಚಿಲ್ಲ, ಬೆರಳಿನಿಂದ ಎಷ್ಟು ಸರಿಸಿದರೂ ಕೆಳಗೆ ಇನ್ನೇನೋ ಬರುತ್ತಲೇ ಇರುತ್ತದೆ. ಗೋಡೆಯ ಮೇಲಿನ ಹಾಳೆಯಲ್ಲಿ ಮೊದಲ ಚೌಕವೂ ಕೊನೆಯ ಚೌಕವೂ ಒಂದೇ ನೋಟಕ್ಕೆ ಕಾಣುತ್ತವೆ. ಎಷ್ಟು ತುಂಬಿದೆ, ಎಷ್ಟು ಖಾಲಿ ಉಳಿದಿದೆ ಎಂದು ಮಲಗಿದಲ್ಲಿಂದಲೇ ಎಣಿಸಬಹುದು.

ಈ ಸಲ 104 ಪಂದ್ಯಗಳಿರುವುದರಿಂದ ನಡುಪುಟಗಳೆರಡನ್ನೂ ಸೇರಿಸಿ ಕೊಟ್ಟರೆ ಒಳ್ಳೆಯದು. ಹಿಂಬದಿಯಲ್ಲಿ ಮುಖ್ಯವಾದ ಸುದ್ದಿ ಇಡಬೇಡಿ, ಅಂಟಿಸಿದ ಮೇಲೆ ಓದಲಾಗುವುದಿಲ್ಲ. ಹೊಳಪಿನ ಕಾಗದ ಬೇಡ, ಅದರ ಮೇಲೆ ಪೆನ್ಸಿಲ್ ಮೂಡುವುದಿಲ್ಲ. ಫೈನಲ್ ಪಂದ್ಯದ ಚೌಕವನ್ನು ಮಾತ್ರ ದಯವಿಟ್ಟು ದೊಡ್ಡದಾಗಿ ಬಿಡಿ. ಪೆನಾಲ್ಟಿಯ ಅಂಕಗಳೂ ಅದರೊಳಗೇ ಹಿಡಿಯುವಂತಿರಲಿ, ಎಡಗೈಯಲ್ಲಿ ಬರೆಯುವವರಿಗೂ ಸಾಲುವಷ್ಟು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ